ಇಲಿ ಮತ್ತು ಎಲಕ: ಕೋಲಾರ ಸೀಮೆಯ ಮಕ್ಕಳಿಗೆ ಸ್ವರಾಕ್ಷರಗಳ ಕಲಿಕೆ

ಕೋಲಾರ ಜಿಲ್ಲೆಯ ಭಾಷಾ ಪರಿಸರವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಗಡಿ, ಆಡಳಿತ ಭಾಷೆ, ಶಿಕ್ಷಣ ಮಾಧ್ಯಮ, ನಾಮಫಲಕ ಇವುಗಳ ಸುತ್ತಲೇ ನಡೆದಿವೆ. ಒಂದನೆಯ ತರಗತಿಯ ಗೋಡೆಗೆ ತೂಗುಹಾಕಿದ ಸ್ವರಾಕ್ಷರಗಳ ಚಿತ್ರಪಟದವರೆಗೆ ಅವು ಇಳಿದು ಬಂದದ್ದು ಕಡಿಮೆ. ಮಗುವಿಗೆ ಭಾಷೆಯ ಗಡಿ ಮೊದಲು ಎದುರಾಗುವುದು ಮಾತ್ರ ಅಲ್ಲಿಯೇ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮಕ್ಕಳ ಆಟದ ಪದಗಳನ್ನೂ ಲಾಲಿಪದಗಳನ್ನೂ ಸಂಗ್ರಹಿಸಲು ತಿರುಗಾಡಿದಾಗ ನಾನು ಹಲವು ಮಧ್ಯಾಹ್ನಗಳನ್ನು ಶಾಲೆಯ ಜಗುಲಿಗಳಲ್ಲಿ ಕಳೆಯಬೇಕಾಯಿತು. ಹುಡುಕಿಕೊಂಡು ಹೋದದ್ದು ಪದಗಳನ್ನು. ಕಿವಿಗೆ ಬಿದ್ದದ್ದು ಅಕ್ಷರಗಳು. ಪ್ರಸ್ತುತ ಲೇಖನದ ವಸ್ತು ಆ ಜಗುಲಿಗಳಿಂದ ದೊರೆತದ್ದು.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕಂಡ ಪ್ರಸಂಗವನ್ನು ಮೊದಲು ಹೇಳುವುದು ಸೂಕ್ತ. ಪಟದ ಮೇಲೆ ‘ಇ’ ಅಕ್ಷರ; ಅದರ ಕೆಳಗೆ ಇಲಿಯ ಚಿತ್ರ. ಆರು ವರ್ಷದ ಹುಡುಗಿಯೊಬ್ಬಳು ಕೋಲಿನ ತುದಿಯನ್ನು ಚಿತ್ರದ ಮೇಲಿಟ್ಟು ಗಟ್ಟಿಯಾಗಿ ‘ಎ’ ಎಂದಳು. ತಪ್ಪೆಂದು ತಿದ್ದಲಾಯಿತು. ಮರುದಿನವೂ ಅವಳು ‘ಎ’ ಎಂದೇ ಹೇಳಿದಳು. ಆನೆಯ ಚಿತ್ರದ ಎದುರು ನಿಂತು ‘ಏ’ ಎಂದಳು. ಈರುಳ್ಳಿಯ ಚಿತ್ರಕ್ಕೂ ‘ಎ’ ಎಂದಳು. ಅಕ್ಷರದ ತಲೆಬುಡ ತಿಳಿಯದ ಮಗು ಎಂಬ ತೀರ್ಮಾನಕ್ಕೆ ಬರಲು ಇಷ್ಟು ಸಾಕಾಯಿತು. ಆದರೆ ಆ ಮಗು ಒಂದೇ ಒಂದು ಸಲವೂ ತಪ್ಪಿರಲಿಲ್ಲ. ಅವಳ ಮನೆಯಲ್ಲಿ ಇಲಿ ಎಂದರೆ ಎಲಕ, ಆನೆ ಎಂದರೆ ಏನುಗು, ಈರುಳ್ಳಿ ಎಂದರೆ ಎರ್ರಗಡ್ಡ. ಚಿತ್ರವನ್ನು ನೋಡಿ ಹೆಸರನ್ನು ನೆನೆದು, ಆ ಹೆಸರಿನ ಮೊದಲ ಧ್ವನಿಯನ್ನು ಬೇರ್ಪಡಿಸಿ ಹೇಳಬೇಕು ಎಂಬುದು ತಾನೇ ಪಟವು ಮಗುವಿನಿಂದ ಬಯಸುವ ಕ್ರಿಯೆ? ಅದನ್ನು ಅವಳು ಚಾಚೂ ತಪ್ಪದೆ ಮಾಡಿದ್ದಳು. ಅವಳಿಗೆ ತಿಳಿಯದೆ ಇದ್ದದ್ದು ಸ್ವರವಲ್ಲ, ಕನ್ನಡದ ಒಂದು ಪ್ರಾಣಿಯ ಹೆಸರು. ಶಾಲೆ ಎರಡನ್ನೂ ಒಂದೇ ಎಂದು ಭಾವಿಸಿತ್ತು.

ಈ ನಾಲ್ಕು ತಾಲ್ಲೂಕುಗಳ ಭಾಷಾ ಸ್ಥಿತಿಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದ ಮೇಲೂ ಕೋಲಾರ ಜಿಲ್ಲೆಯ ಬಹುಭಾಷಿಕ ಸ್ವರೂಪ ಹಾಗೆಯೇ ಉಳಿದಿದೆ. ಮುಳಬಾಗಿಲು ಮತ್ತು ಶ್ರೀನಿವಾಸಪುರಗಳು ಆಂಧ್ರಪ್ರದೇಶದ ಅಂಚಿನಲ್ಲಿದ್ದು, ಅಲ್ಲಿನ ಹಳ್ಳಿಗಳಲ್ಲಿ ತೆಲುಗು ಮನೆಮಾತಿನ ಕುಟುಂಬಗಳು ಬಹುಸಂಖ್ಯೆಯಲ್ಲಿವೆ. ಮಾಲೂರು ಹೊಸೂರಿನ ಕಡೆಗೆ ಮುಖಮಾಡಿದ್ದು ಅಲ್ಲಿ ತಮಿಳೂ ಕೇಳಿಬರುತ್ತದೆ. ಪೇಟೆಗಳಲ್ಲಿ ದಖನಿ ಉರ್ದು ಇದೆ. ಸಂತೆಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುವುದು ಇಲ್ಲಿ ಯಾರಿಗೂ ವಿಶೇಷವಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರನ್ನೂ, ತಮಿಳು ಮನೆಮಾತಿನಿಂದ ಬಂದು ಕನ್ನಡದ ಸಣ್ಣಕಥೆಗೆ ದಾರಿ ಹಾಕಿಕೊಟ್ಟ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ಕೊಟ್ಟ ನೆಲವಿದು. ಮನೆಮಾತು ಬೇರೆಯಾದರೆ ಕನ್ನಡ ಬರಲಾರದು ಎಂಬ ಮಾತಿಗೆ ಈ ಸೀಮೆಯಲ್ಲಿ ಆಧಾರವಿಲ್ಲ.

ಮತ್ತೆ ಚಿತ್ರಪಟಕ್ಕೆ ಬರೋಣ. ಅಕ್ಷರವೊಂದಕ್ಕೆ ವಸ್ತುವೊಂದನ್ನು ಹೊಂದಿಸಿ ಕಲಿಸುವ ಕ್ರಮ ಅಚ್ಚಿನ ಪುಸ್ತಕಗಳೊಡನೆ ಬೆಳೆದು ಬಂದದ್ದು. ಅ ಅಗಸ, ಆ ಆನೆ, ಇ ಇಲಿ ಎಂಬ ಸರಣಿ ಎಷ್ಟೋ ತಲೆಮಾರುಗಳ ನಾಲಗೆಯ ಮೇಲಿದೆ. ಇದರಲ್ಲಿ ಚಿತ್ರ ಮತ್ತು ಹೆಸರಿನ ಸಂಬಂಧ ಸಹಜ, ಎಲ್ಲ ಮಕ್ಕಳಿಗೂ ಸಮಾನ ಎಂಬ ನಂಬಿಕೆ ಅಡಗಿದೆ. ತೆಲುಗು ಮನೆಯ ಮಗುವಿನ ಕಣ್ಣಿನಿಂದ ಪಟವನ್ನೊಮ್ಮೆ ಓದಿ ನೋಡಬೇಕು. ಅಗಸ ಅವಳಿಗೆ ಚಾಕಲಿ. (ಕಸುಬಿನ ಹೆಸರನ್ನು ಮೊದಲ ಅಕ್ಷರಕ್ಕೆ ಅಂಟಿಸುವುದು ಅದೇ ಕುಲದ ಮಗು ತರಗತಿಯಲ್ಲಿ ಕುಳಿತಿರುವಾಗ ಎಷ್ಟು ಸರಿ ಎಂಬುದು ಬೇರೆಯೇ ಪ್ರಶ್ನೆ, ಹೊಸ ಪುಸ್ತಕಗಳಲ್ಲಿ ಆ ಪದ ಹಿಂದೆ ಸರಿದಿರುವುದು ಒಳ್ಳೆಯದೇ.) ಅಗಸನ ಬದಲು ಅಳಿಲನ್ನು ತಂದರೆ ಅದು ತೆಲುಗಿನಲ್ಲಿ ಉಡುತ, ‘ಅ’ಕಾರದ ಚಿತ್ರ ‘ಉ’ ಎನ್ನುತ್ತದೆ. ಎಲೆಯ ಚಿತ್ರ ‘ಆಕು’ ಆಗಿ ‘ಆ’ ಎನ್ನುತ್ತದೆ. ಏಣಿ ನಿಚ್ಚೆನ, ಉಗುರು ಗೋರು, ಇವುಗಳಲ್ಲಿ ಮೊದಲಿಗೆ ಸ್ವರವೇ ಇಲ್ಲ. ಹೀಗೆ ನೋಡುತ್ತ ಹೋದರೆ ‘ಒ’ಕಾರದ ಒಂಟೆಯೊಂದೇ ಎರಡು ಭಾಷೆಗಳಲ್ಲೂ ಒಂಟೆಯಾಗಿ ಉಳಿಯುತ್ತದೆ. ಕೋಲಾರದ ಮಗು ಕಂಡರಿಯದ ಪ್ರಾಣಿಯೇ ಅದಕ್ಕೆ ನಿಷ್ಠವಾಗಿ ನಿಂತಿರುವುದು ವಿನೋದ. ದಖನಿ ಉರ್ದುವಿನ ಮಗುವಿಗೆ ಆ ಒಂಟೆಯೂ ‘ಊಂಟ್’.

ಚಿತ್ರಕ್ಕೆ ಯಾವ ಸಂಬಂಧವೂ ಇಲ್ಲದ ಧ್ವನಿ ಬಂದರೆ ಶಿಕ್ಷಕರಿಗೆ ಕೂಡಲೇ ಅನುಮಾನ ಬರುತ್ತದೆ. ಏಣಿಯನ್ನು ತೋರಿಸಿ ‘ನಿ’ ಎಂದರೆ ಮಗು ತೆಲುಗಿನಲ್ಲಿ ಯೋಚಿಸುತ್ತಿದೆಯೆಂದು ಗೊತ್ತಾಗುತ್ತದೆ. ತೊಡಕಿರುವುದು ಇನ್ನೊಂದು ಸ್ವರವೇ ಬಂದಾಗ. ಇಲಿಗೆ ‘ಎ’ ಎಂದರೆ ಅದು ಸ್ವರಗಳನ್ನು ಕಲಸಿಕೊಂಡ ತಪ್ಪಿನಂತೆಯೇ ಕಾಣುತ್ತದೆ. ಮೇಲೆ ಹೇಳಿದ ಹುಡುಗಿಯ ವಿಷಯದಲ್ಲಿ ಆದದ್ದು ಇದೇ.

ಈ ಇಲಿ–ಎಲಕಗಳ ಅಂತರ ಆಕಸ್ಮಿಕವಲ್ಲ. ಮೊದಲ ಅಕ್ಷರದಲ್ಲಿ ‘ಎ’ ಅಥವಾ ‘ಒ’ ಇದ್ದು, ಮುಂದಿನ ಅಕ್ಷರದಲ್ಲಿ ‘ಇ’ ಅಥವಾ ‘ಉ’ ಬಂದಾಗ, ಕನ್ನಡವು ತನ್ನ ಚರಿತ್ರೆಯ ಒಂದು ಘಟ್ಟದಲ್ಲಿ ಆ ಮೊದಲ ಸ್ವರವನ್ನು ‘ಇ’, ‘ಉ’ಗಳಾಗಿ ಎತ್ತರಿಸಿಕೊಂಡಿತು ಎಂಬುದು ದ್ರಾವಿಡ ಭಾಷಾವಿಜ್ಞಾನದಲ್ಲಿ ಒಪ್ಪಿತವಾದ ಸಂಗತಿ. ನೆರೆಯ ಭಾಷೆಗಳು ಹಳೆಯ ಸ್ವರವನ್ನೇ ಉಳಿಸಿಕೊಂಡವು. ಹಾಗಾಗಿ ಕನ್ನಡದ ಇಲಿ ತಮಿಳಿನಲ್ಲಿ ಎಲಿ, ತೆಲುಗಿನಲ್ಲಿ ಎಲುಕ. ಕನ್ನಡದ ಕಿವಿ ತಮಿಳಿನಲ್ಲಿ ಶೆವಿ, ತೆಲುಗಿನಲ್ಲಿ ಚೆವಿ. ಕನ್ನಡದ ಪುಡಿ ಅವೆರಡರಲ್ಲೂ ಪೊಡಿ. ಮಾಲೂರಿನ ತಮಿಳು ಮನೆಯ ಮಗುವೂ ಇಲಿಯ ಚಿತ್ರಕ್ಕೆ ‘ಎ’ ಎನ್ನುವುದು ಇದೇ ಕಾರಣದಿಂದ. ಆನೆ, ಎಲೆಗಳಲ್ಲಿ ಮಾತ್ರ ಆಡುಮಾತಿನ ತಮಿಳು ಕನ್ನಡದ ಹತ್ತಿರವೇ ಇದೆ. ಅಂದರೆ ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಮಕ್ಕಳಿಗೆ ಒಂದೇ ಪಟ ಮೂರು ಬಗೆಯಲ್ಲಿ ಮಾತನಾಡುತ್ತದೆ.

ಕನ್ನಡ ಮನೆಮಾತಿನ ಮಗುವಿಗೆ ಎಲ್ಲವೂ ಸುಗಮವೆಂದು ತಿಳಿಯಬಾರದು. ಹಳೆಯ ಮೈಸೂರು ಸೀಮೆಯ ಗ್ರಾಮೀಣ ಕನ್ನಡದಲ್ಲಿ ಪದದ ಆರಂಭದ ಹಕಾರ ಉಳಿಯುವುದಿಲ್ಲ. ಹಾಲು ಆಲು, ಹಸು ಅಸು, ಹುಲಿ ಉಲಿ, ಹೌದು ಔದು. ‘ಆ’ ದಿಂದ ಆರಂಭವಾಗುವ ಪದ ಹೇಳಿರೆಂದು ಕೇಳಿದಾಗ ಕೋಲಾರ ತಾಲ್ಲೂಕಿನ ಶಾಲೆಯೊಂದರಲ್ಲಿ ಹುಡುಗನೊಬ್ಬ ‘ಆವು’ ಎಂದ. ಅವನ ಪಕ್ಕದವಳೂ ತಲೆಯಾಡಿಸಿ ‘ಆವು’ ಎಂದಳು. ಚಿತ್ರ ಬರೆಯಿರಿ ಎಂದಾಗ ಹುಡುಗ ಹೆಡೆ ಎತ್ತಿದ ಹಾವನ್ನು ಬರೆದ, ಹುಡುಗಿ ಕೊಂಬಿರುವ ಹಸುವನ್ನು ಬರೆದಳು. ತೆಲುಗಿನಲ್ಲಿ ಆವು ಎಂದರೆ ಹಸು. ಸ್ವರವನ್ನು ಗುರುತಿಸುವ ಮಟ್ಟಿಗೆ ಇಬ್ಬರದೂ ಸರಿ. ಕಾಗುಣಿತದ ಮಟ್ಟಿಗೆ ಹುಡುಗನದು ತಪ್ಪು, ಕನ್ನಡದ ಮಟ್ಟಿಗೆ ಹುಡುಗಿಯದು ತಪ್ಪು. ಈ ಮೂರು ಮಟ್ಟಗಳನ್ನು ಬಿಡಿಸಿ ನೋಡದೆ ‘ತಪ್ಪು’ ಎಂಬ ಒಂದೇ ಪದ ಬಳಸಿದರೆ ಮಗುವಿಗೆ ಏನನ್ನು ತಿದ್ದಿಕೊಳ್ಳಬೇಕೆಂಬುದೇ ತಿಳಿಯದು.

ಇನ್ನೊಂದು ಸಂಗತಿ. ಎಲೆ, ಎತ್ತು ಮುಂತಾದವನ್ನು ನಾವು ಆಡುವಾಗ ಯೆಲೆ, ಯೆತ್ತು ಎಂದೂ, ಒಲೆ, ಒಂದು ಎಂಬುವನ್ನು ವೊಲೆ, ವೊಂದು ಎಂದೂ ನುಡಿಯುತ್ತೇವೆ. ತೆಲುಗಿನಲ್ಲೂ ಹೀಗೆಯೇ. ಮಕ್ಕಳು ಕೇಳಿದಂತೆ ಬರೆಯುತ್ತಾರೆ. ಹಳೆಯ ಕಡತ, ಕೈಫಿಯತ್ತುಗಳನ್ನು ಬರೆದ ಶಾನುಭೋಗರೂ ಯೆಂದು, ವೊಂದು ಎಂದೇ ಬರೆದರು. ಅವರನ್ನು ಯಾರೂ ದಡ್ಡರೆನ್ನಲಿಲ್ಲ. ಮೇಲೆ ಎಂಬುದು ಮ್ಯಾಲೆ, ಬೇರೆ ಎಂಬುದು ಬ್ಯಾರೆ ಆಗುವ ಆಡುನುಡಿಯ ಸ್ವರಕ್ಕಂತೂ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ. ಹದಿಮೂರು ಸ್ವರಗಳೆಂದು ನಾವು ಎಣಿಸಿ ಒಪ್ಪಿಸುವ ಪಟ್ಟಿಗೂ ನಾಲಗೆಯ ಮೇಲಿನ ಸ್ವರಗಳಿಗೂ ಇರುವ ಈ ಅಂತರ ಹೊಸದಲ್ಲ. ಸಂಸ್ಕೃತದ ಪಟ್ಟಿಯಲ್ಲಿ ಇಲ್ಲದ ಹ್ರಸ್ವ ಎ, ಒ ಗಳನ್ನು 13ನೆಯ ಶತಮಾನದ ಕೇಶಿರಾಜ ದೇಶೀಯವೆಂದು ಪ್ರತ್ಯೇಕವಾಗಿ ಎಣಿಸಬೇಕಾಯಿತು. ಹಳೆಯ ಶಾಸನಗಳ ಬರಹದಲ್ಲಿ ಎ–ಏ, ಒ–ಓ ಗಳ ಭೇದವನ್ನು ಚಿಹ್ನೆಯಿಂದ ತೋರಿಸುತ್ತಿರಲಿಲ್ಲ. ಓದುವವನೇ ಸಂದರ್ಭದಿಂದ ತಿಳಿದುಕೊಳ್ಳಬೇಕಿತ್ತು. ಇಂದಿನ ಮಗು ಕೆರೆ ಮತ್ತು ಕೇರೆಗಳ ನಡುವೆ ತಡವರಿಸಿದರೆ ಅದಕ್ಕೆ ಹಿರಿಯರ ಮೇಲ್ಪಂಕ್ತಿಯಿದೆ.

ಚಿತ್ರಪಟಕ್ಕೂ ಹಿಂದಿನ ಕಲಿಕೆಯ ಕ್ರಮ ಹೇಗಿತ್ತು? ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮನೆಗಳಲ್ಲಿ ಅಕ್ಷರಾಭ್ಯಾಸದ ದಿನ ಅಕ್ಕಿಯ ತಟ್ಟೆಯಲ್ಲಿ ಮಗುವಿನ ಬೆರಳು ಹಿಡಿದು ಬರೆಸುವ ಪದ್ಧತಿ ಈಗಲೂ ಇದೆ. ಮೊದಲು ಬರೆಸುತ್ತಿದ್ದದ್ದು ‘ಓಂ ನಮಃ’ ಎಂದು. ಇದರಿಂದಲೇ ವರ್ಣಮಾಲೆಗೆ ತೆಲುಗಿನಲ್ಲಿ ಓನಮಾಲು ಎಂಬ ಹೆಸರು ಬಂತು. ಕನ್ನಡದಲ್ಲೂ ‘ಓನಾಮ ತಿಳಿಯದವನು’ ಎಂದು ಬೈಯುವುದುಂಟು. ಆ ಕ್ರಮದಲ್ಲಿ ಚಿತ್ರವಿರಲಿಲ್ಲ, ವಸ್ತುವಿನ ಹೆಸರಿರಲಿಲ್ಲ. ಧ್ವನಿ, ಬೆರಳಿನ ಚಲನೆ ಮತ್ತು ರಾಗವಿತ್ತು. ಕಾಗುಣಿತವನ್ನು ಒಪ್ಪಿಸುವಾಗ ಪ್ರತಿ ಸ್ವರಚಿಹ್ನೆಯ ಹೆಸರನ್ನೂ ಕೂಡಿಸಿ ಹಾಡುತ್ತಿದ್ದರು. ಜಾನಪದ ವಿದ್ಯಾರ್ಥಿಯ ಕಿವಿ ನೆಟ್ಟಗಾಗುವುದು ಇಲ್ಲಿ. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ, ಓತ್ವ, ಸೊನ್ನೆ. ಇವು ವೈಯಾಕರಣರು ಇಟ್ಟ ಹೆಸರುಗಳಲ್ಲ. ತಲೆಗೆ ಸುತ್ತಿದ ಬಟ್ಟೆ, ಗುಡಿಯ ಗುಂಡನೆಯ ಮೇಲ್ಭಾಗ, ದನದ ಕೊಂಬು, ನೀರಿನ ಸುಳಿ ಇವುಗಳನ್ನು ಅಕ್ಷರದ ಮೈಮೇಲೆ ಕಂಡ ಕಣ್ಣಿನ ಹೆಸರುಗಳು.

ಗಡಿಯಾಚೆಯ ತೆಲುಗು ಗುಣಿಂತದಲ್ಲಿ ಇದಕ್ಕೆ ಸಂವಾದಿಯಾಗಿ ತಲಕಟ್ಟು, ದೀರ್ಘಂ, ಗುಡಿ, ಕೊಮ್ಮು, ವಟ್ರುಸುಡಿ, ಏತ್ವಂ, ಐತ್ವಂ, ಓತ್ವಂ, ಸುನ್ನ ಇವೆ. ಹೆಸರುಗಳು ಬಹುಮಟ್ಟಿಗೆ ಒಂದೇ. ಸುಳಿ–ಸುಡಿಗಳ ವ್ಯತ್ಯಾಸವೂ ಏಳು–ಏಡುಗಳ ವ್ಯತ್ಯಾಸವೂ ಒಂದೇ ನಿಯಮಕ್ಕೆ ಸೇರಿದ್ದು. ಎರಡೂ ಲಿಪಿಗಳು ಬಹುಕಾಲ ಒಂದಾಗಿದ್ದು, ಸುಮಾರು 13ನೆಯ ಶತಮಾನದಿಂದೀಚೆಗೆ ನಿಧಾನವಾಗಿ ಬೇರ್ಪಟ್ಟವು. ಆದರೆ ಚಿಹ್ನೆಗಳ ಹೆಸರು ಇನ್ನೂ ಬೇರ್ಪಟ್ಟಿಲ್ಲ. ಮುಳಬಾಗಿಲು ತಾಲ್ಲೂಕಿನಲ್ಲಿ ತೆಲುಗಿನಲ್ಲಿ ಓದು ಕಲಿತ ಅಜ್ಜಿಯೊಬ್ಬರು, ಕನ್ನಡ ಶಾಲೆಗೆ ಹೋಗುವ ಮೊಮ್ಮಗನ ಸ್ಲೇಟಿನಲ್ಲಿ ‘ಕು’ ಎಂಬುದನ್ನು ತಿದ್ದುತ್ತ, “ಕೊಮ್ಮು ಬಾಗಾ ತಿಪ್ಪು ನಾಯನಾ” ಎಂದದ್ದನ್ನು ಕೇಳಿದ್ದೇನೆ. ಕೊಂಬನ್ನು ಚೆನ್ನಾಗಿ ತಿರುಗಿಸಪ್ಪಾ ಎಂದರ್ಥ. ಅವರಿಗೆ ಕನ್ನಡ ಓದಲು ಬಾರದು; ಕನ್ನಡದ ಉಕಾರವನ್ನು ಕಲಿಸಲು ಅದು ಅಡ್ಡಿಯಾಗಲಿಲ್ಲ.

ಹೀಗೆಂದು ಕೂಲಿಮಠವೇ ಮೇಲು ಎಂದು ನಾನು ವಾದಿಸುತ್ತಿಲ್ಲ. ಅರ್ಥವಿಲ್ಲದ ಬಾಯಿಪಾಠ ಮತ್ತು ಬೆತ್ತ ಅದರ ಭಾಗವೇ ಆಗಿದ್ದವು. ಹೆಣ್ಣುಮಕ್ಕಳಿಗೂ ದಲಿತರಿಗೂ ಅದರ ಬಾಗಿಲು ತೆರೆದಿರಲಿಲ್ಲ. ಆದರೆ ಚಿತ್ರಪಟ ಬಂದಾಗ ಎರಡು ಭಾಷೆಗಳಿಗೆ ಸಾಮಾನ್ಯವಾಗಿದ್ದ ಒಂದು ಪರಿಭಾಷೆ ಹಿಂದೆ ಸರಿದು, ಒಂದೇ ಭಾಷೆಗೆ ಸೇರಿದ ಪದಪಟ್ಟಿ ಮುಂದೆ ಬಂತು ಎಂಬುದನ್ನು ಗಮನಿಸಬೇಕು.

ನಲಿಕಲಿ ಪದ್ಧತಿ ಈ ದೃಷ್ಟಿಯಿಂದ ಕುತೂಹಲಕರ. ಅದು 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಅದರ ಪ್ರೇರಣೆ ದೊರೆತದ್ದು ಮದನಪಲ್ಲಿಯ ಬಳಿಯ ರಿಷಿವ್ಯಾಲಿಯಲ್ಲಿ, ತೆಲುಗು ಮಕ್ಕಳಿಗಾಗಿ ನಡೆಯುತ್ತಿದ್ದ ಗ್ರಾಮಶಾಲೆಗಳಿಂದ. ಶ್ರೀನಿವಾಸಪುರ ತಾಲ್ಲೂಕಿನ ರಾಯಲಪಾಡಿನಿಂದ ಗಡಿ ದಾಟಿದರೆ ಮದನಪಲ್ಲಿ ದೂರವೇನಲ್ಲ. ನೆರೆಮನೆಯ ಬೀಜ ಕಬಿನಿಯ ತೀರವನ್ನು ಸುತ್ತಿಕೊಂಡು ಕೋಲಾರಕ್ಕೆ ಬಂದಂತಾಯಿತು. ನಲಿಕಲಿಯಲ್ಲಿ ಅ ಆ ಇ ಈ ಎಂಬ ಕ್ರಮವಿಲ್ಲ; ಬರೆಯಲು ಸುಲಭವಾದ, ಆಕಾರದಲ್ಲಿ ಹೋಲುವ ರ ಗ ಸ ದ ಗಳೊಡನೆ ಅಕಾರ ಬರುತ್ತದೆ. ಆಟ, ಹಾಡು, ಕಥೆಗಳಿಗೆ ಅಲ್ಲಿ ಅವಕಾಶವಿದೆ. ಸ್ವರವನ್ನು ಪದದೊಳಗೆ ಕೇಳಿಸಿ ಕಲಿಸುವುದು ನಿಜಕ್ಕೂ ಮುನ್ನಡೆ. ಆದರೆ ಮಿಂಚುಪಟ್ಟಿಗಳ ಮೇಲಿನ ಚಿತ್ರಗಳು ಇಡೀ ರಾಜ್ಯಕ್ಕೆ ಒಂದೇ. ಪದ್ಧತಿಯು ರಿಷಿವ್ಯಾಲಿಯಿಂದ ಕಾರ್ಡುಗಳನ್ನೂ ಏಣಿಯನ್ನೂ ತಂದಿತು. ಮಗು ಮನೆಯಲ್ಲಿ ಆಡುವ ಮಾತಿನಿಂದ ಆರಂಭಿಸಬೇಕೆಂಬ ಅಲ್ಲಿನ ಮೂಲ ತಿಳಿವಳಿಕೆ ಗಡಿ ತಾಲ್ಲೂಕುಗಳ ಪಾಲಿಗೆ ಪೂರ್ತಿಯಾಗಿ ಬರಲಿಲ್ಲ.

ಹಾಗಾದರೆ ಈ ಸೀಮೆಗೆ ಹೊಂದುವ ಪದಗಳಿವೆಯೇ? ಮಕ್ಕಳ ಆಟಗಳಲ್ಲೇ ಇವೆ. ಐದು ಕಲ್ಲುಗಳನ್ನು ತೂರಿ ಹಿಡಿಯುವ ಹೆಣ್ಣುಮಕ್ಕಳ ಆಟದಲ್ಲಿ ಎಣಿಕೆ ಕನ್ನಡದಲ್ಲೂ ನಡೆಯುತ್ತದೆ, ತೆಲುಗಿನಲ್ಲೂ ನಡೆಯುತ್ತದೆ. ಒಮ್ಮೊಮ್ಮೆ ಒಂದೇ ಆಟದಲ್ಲಿ ಎರಡೂ. ಒಂದು–ಒಕಟಿ, ಐದು–ಐದು, ಆರು–ಆರು, ಏಳು–ಏಡು, ಎಂಟು–ಎನಿಮಿದಿ. ಎಂಟರವರೆಗೆ ಎಣಿಸುವಷ್ಟರಲ್ಲಿ ಒ, ಐ, ಆ, ಏ, ಎ ಎಂಬ ಐದು ಸ್ವರಗಳು ಎರಡು ಭಾಷೆಗಳಲ್ಲೂ ಪದದ ಮೊದಲಿಗೆ ಬಂದುಹೋಗುತ್ತವೆ. ಎರಡು ಮಾತ್ರ ಕೈಕೊಡುತ್ತದೆ. ತೆಲುಗಿನಲ್ಲಿ ಅದು ರೆಂಡು. ಅವನು ವಾಡು, ಇವನು ವೀಡು, ಒಳಗೆ ಲೋಪಲ ಆಗುವ ಹಾಗೆ ತೆಲುಗಿನಲ್ಲಿ ಮೊದಲ ಸ್ವರ ಜಾಗ ಬದಲಿಸುವುದುಂಟು. ಆಟದ ಪದವನ್ನು ಕೇಳುವ ಮಗುವಿಗೆ ಈ ವ್ಯತ್ಯಾಸವೂ ನಗುವಿನ ವಸ್ತುವಾಗುತ್ತದೆ, ಅಳುವಿನದಾಗುವುದಿಲ್ಲ.

ಉಳಿದ ಸ್ವರಗಳಿಗೆ ಊರೇ ಪದಗಳನ್ನು ಕೊಡುತ್ತದೆ; ಊರು ಎಂಬ ಪದವೇ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಊರು. ಅಮ್ಮ, ಅಕ್ಕ, ಅಂಗಡಿ ಹಾಗೆಯೇ. ಉಪ್ಪು ಮೂರರಲ್ಲೂ ಉಪ್ಪು. ಇಲಿಯ ಬದಲು ಇಟ್ಟಿಗೆಯನ್ನು ತಂದರೆ ತೆಲುಗಿನಲ್ಲಿ ಅದು ಇಟುಕ. ಮಾಲೂರು ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಊರು. ಗೂಡಿನ ಹೊಗೆ ನೋಡದ ಮಗು ಅಲ್ಲಿಲ್ಲ. ‘ಈ’ಕಾರಕ್ಕೆ ಈಚಲು: ತೆಲುಗಿನಲ್ಲಿ ಈತ, ತಮಿಳಿನಲ್ಲಿ ಈಚ್ಚಂ. ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ ಬೆಳೆಯುವ ಮರ. ಅದರ ಗರಿಯಿಂದ ಪೊರಕೆಯಾಗುತ್ತದೆ, ಚಾಪೆಯಾಗುತ್ತದೆ. ಎತ್ತು ತೆಲುಗಿನಲ್ಲಿ ಎದ್ದು. ಮಗುವಿನ ಹೊಟ್ಟೆನೋವಿಗೆ ಅಜ್ಜಿ ಕೊಡುವ ಓಮ, ತೆಲುಗಿನಲ್ಲಿ ವಾಮು ಎನ್ನುವವರೂ ಉಂಟಾದರೂ, ಓಮವೆಂದೂ ಪರಿಚಿತ. ಔಕಾರಕ್ಕೆ ಪಠ್ಯಗಳು ಔಷಧ, ಔತಣಗಳನ್ನು ಕೊಡುತ್ತವೆ. ಮಕ್ಕಳ ಬಾಯಲ್ಲಿ ನಿಜವಾಗಿ ಇರುವ ಔಕಾರ ಕನ್ನಡದ ‘ಔದು’, ತೆಲುಗಿನ ‘ಔನು’. ಬರವಣಿಗೆಯಲ್ಲಿ ಅದು ಹೌದು ಆಗಬೇಕಾದುದರಿಂದ ಪಟಕ್ಕೆ ಹಾಕಲಾಗದು, ಬಾಯಿಮಾತಿಗೆ ಬಳಸಬಹುದು. ಋಕಾರಕ್ಕೆ ಯಾವ ಮನೆಯಲ್ಲೂ ಪದವಿಲ್ಲ. ಅದು ಎಲ್ಲರಿಗೂ ಸಮನಾಗಿ ಕಷ್ಟ.

ಹೀಗೆ ಹೇಳಿದಾಗಲೆಲ್ಲ ಕೆಲವು ಶಿಕ್ಷಕರು ಎತ್ತುವ ಆಕ್ಷೇಪವಿದೆ: ಗಡಿಯಲ್ಲಿ ಕನ್ನಡ ಮೊದಲೇ ಬಡವಾಗಿದೆ, ತರಗತಿಯೊಳಗೂ ತೆಲುಗನ್ನು ಬಿಟ್ಟುಕೊಂಡರೆ ಉಳಿಯುವುದೇನು? ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ತೆಲುಗು ಪಾಠವನ್ನಲ್ಲ. ಚಿತ್ರವನ್ನು ತೋರಿಸಿದ ಕೂಡಲೇ ಅಕ್ಷರವನ್ನು ಕೇಳದೆ, ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಮೊದಲು ಕೇಳಬೇಕು; ಆಮೇಲೆ ಕನ್ನಡದ ಹೆಸರನ್ನು ಹೇಳಿಕೊಡಬೇಕು; ಅಕ್ಷರ ಅದರ ನಂತರ. ಇಲಿ ಎಂಬ ಪದವನ್ನು ಬಿಟ್ಟುಬಿಡಬೇಕೆಂದೂ ಅಲ್ಲ. ‘ಇ’ಕಾರವನ್ನು ಇಟ್ಟಿಗೆಯಿಂದ ಗಟ್ಟಿಮಾಡಿಕೊಂಡ ಮಗುವಿಗೆ ಇಲಿ ಹೊಸ ಕನ್ನಡ ಪದವಾಗಿ ಬರುತ್ತದೆ, ಅಕ್ಷರದ ಗೊಂದಲವಾಗಿ ಅಲ್ಲ. ಮೊದಲ ವರ್ಷವೇ ದಡ್ಡರ ಸಾಲಿಗೆ ಸೇರಿದ ಮಗು ಕನ್ನಡದಿಂದ ದೂರವಾಗುವುದನ್ನು ಈ ಹಳ್ಳಿಗಳಲ್ಲಿ ನೋಡಿದ್ದೇನೆ. ಅವರ ತಂದೆತಾಯಿಗಳು ಬೇರೆ ಮಾಧ್ಯಮದ ಶಾಲೆಯನ್ನು ಹುಡುಕಿದ್ದನ್ನೂ ನೋಡಿದ್ದೇನೆ.

ಮೊದಲು ಹೇಳಿದ ಶಾಲೆಗೆ ಕೆಲವು ವಾರಗಳ ನಂತರ ಮತ್ತೆ ಹೋಗಿದ್ದೆ. ಆ ಹುಡುಗಿಯ ತೊಡಕನ್ನು ಬಿಡಿಸಿದವರು ಬಿಸಿಯೂಟದ ಅಡುಗೆಯವರೆಂದು ತಿಳಿಯಿತು. ಅಕ್ಕಿ ಆರಿಸುತ್ತ ಕುಳಿತಿದ್ದ ಆ ತಾಯಿ ಒಳಗಿನ ಪಾಠವನ್ನು ದಿನವೂ ಕೇಳುತ್ತಿದ್ದರು. ಒಂದು ದಿನ ಮಗುವನ್ನು ಕರೆದು, “ಇಸ್ಕೂಲ್ಲೋ ಇಲಿ, ಇಂಟ್ಲೋ ಎಲಕ” ಎಂದರಂತೆ. ಶಾಲೆಯಲ್ಲಿ ಇಲಿ, ಮನೆಯಲ್ಲಿ ಎಲಕ. ಮಕ್ಕಳು ಅದನ್ನೇ ಆಟದ ಪದ ಮಾಡಿಕೊಂಡಿದ್ದರು: ಇಸ್ಕೂಲ್ಲೋ ಆನೆ, ಇಂಟ್ಲೋ ಏನುಗು, ಇಸ್ಕೂಲ್ಲೋ ಎಲೆ, ಇಂಟ್ಲೋ ಆಕು. ನಾನು ಹೋದಾಗ ಹುಡುಗಿ ಪಟದ ಮುಂದೆ ನಿಂತು ‘ಇ’ ಎಂದಳು. ಬೇರೆ ಪದ ಹೇಳು ಎಂದು ಶಿಕ್ಷಕಿ ಕೇಳಿದರು. ಅವ���ು ಸ್ವಲ್ಪ ಯೋಚಿಸಿ “ಇಸ್ಕೂಲು” ಎಂದಳು. ಶಿಕ್ಷಕಿ ನನ್ನ ಮುಖ ನೋಡಿದರು. ಸರಿ ಎಂದು ಗುರುತು ಹಾಕುವುದೋ ಬೇಡವೋ ಎಂದು ಬಳಪ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೆಯೇ ನಿಂತಿತ್ತು. ಕೊನೆಗೆ ಹಾಕಿದರು.